ಚಳಿಗಾಲದ ಪಂಚಮಿ ಉಂಡಿ

ಶ್ರಾವಣದಲ್ಲಿ ಹಂಚಬೇಕಾದ ಪಂಚಮಿ ಉಂಡಿಯನ್ನು ನಾನು ಚಳಿಗಾಲದಲ್ಲಿ, ತಲೆಗೆ ಶಾಲು ಸುತ್ತಿಕೊಂಡು, ಮನೆಮನೆಗೆ ಹಂಚಿ ಬಂದವಳು. ಇದನ್ನು ಯಾರಿಗೆ ಹೇಳಿದರೂ ಮೊದಲು ನಗುತ್ತಾರೆ. ನಗಲಿ, ನಗುವಂಥದ್ದೇ. ಆದರೆ ಈ ವಯಸ್ಸಿನಲ್ಲೂ ಬೆಲ್ಲದ ಪಾಕಕ್ಕೆ ಶೇಂಗಾ ಬಿದ್ದ ವಾಸನೆ ಮೂಗಿಗೆ ಬಡಿದರೆ ನನ್ನ ಕಿವಿಗಳು ಬಿಸಿಯಾಗುತ್ತವೆ. ಉಂಡಿ ಅಂದರೆ ನಿನಗೆ ಯಾಕೆ ಅಷ್ಟು ಸಿಟ್ಟು ಎಂದು ಮಗಳು ಕೇಳಿದ್ದಾಳೆ. ಅದು ಸಿಟ್ಟಲ್ಲ, ನಾಚಿಕೆ. ಎರಡಕ್ಕೂ ನನ್ನ ಮುಖ ಒಂದೇ ಥರ ಗಂಟಾಗುವುದರಿಂದ ಜನರಿಗೆ ಗೊತ್ತಾಗುವುದಿಲ್ಲ.

ನಮ್ಮ ಕಡೆಯ ಪದ್ಧತಿ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ನಾಗರ ಪಂಚಮಿ ಬಂತೆಂದರೆ ಮದುವೆಯಾದ ಹೆಣ್ಣುಮಕ್ಕಳು ತವರಿಗೆ ಹೋಗಬೇಕು. ತಾವಾಗಿ ಹೋಗುವಂತಿಲ್ಲ, ಅಣ್ಣನೋ ತಮ್ಮನೋ ಬಂದು ಕರೆದುಕೊಂಡು ಹೋಗಬೇಕು. ಅಲ್ಲಿ ಜೋಕಾಲಿ ಆಡಿ, ಕೈತುಂಬ ಹಸಿರು ಬಳೆ ಇಡಿಸಿಕೊಂಡು ನಾಲ್ಕು ದಿನ ಇರಬೇಕು. ಗಂಡನ ಮನೆಯವರು ಕರೆಯಲು ಬಂದಾಗ ತವರಿನವರು ಬುಟ್ಟಿ ತುಂಬ ಉಂಡಿ ಕೊಟ್ಟು ಕಳಿಸಬೇಕು. ಆ ಉಂಡಿಯನ್ನು ಓಣಿಗೆಲ್ಲ ಹಂಚುತ್ತಾರೆ. ಉಂಡಿ ಬಂತು ಅಂದರೆ ಈ ಹೆಣ್ಣುಮಗಳಿಗೆ ಹಿಂದೆ ಮುಂದೆ ಜನ ಇದ್ದಾರೆ, ಮಾನದಿಂದ ಹೋಗಿ ಮಾನದಿಂದ ಬಂದಿದ್ದಾಳೆ ಎಂದು ಓಣಿ ತಿಳಿದುಕೊಳ್ಳುತ್ತದೆ. ಅದಕ್ಕೆ ಪ್ರತಿಯಾಗಿ ಯಾರೂ ಡಬ್ಬಿಯನ್ನು ಬರಿದಾಗಿ ತಿರುಗಿ ಕೊಡುವುದಿಲ್ಲ. ಒಂದು ಮುಷ್ಟಿ ಜೋಳವನ್ನೋ ಚಿಟಿಕೆ ಸಕ್ಕರೆಯನ್ನೋ ಹಾಕಿ ಕೊಡುತ್ತಾರೆ.

ನಮ್ಮ ಮನೆ ಕಮಲಾಪುರದಲ್ಲಿತ್ತು. ಅಪ್ಪ ಕೆಂಪು ಬಾಳೆಹಣ್ಣಿನ ವ್ಯಾಪಾರಿ. ತೋಟದಿಂದ ಗೊನೆ ಇಳಿಸಿ, ಒಣ ಎಲೆ ಹಾಸಿ, ಗಾಡಿಗೆ ಹೇರಿಸಿ ಕಲಬುರಗಿಗೆ ಕಳಿಸುತ್ತಿದ್ದ. ಆ ಹಣ್ಣಿನ ಸಿಪ್ಪೆ ಬಲು ಸೂಕ್ಷ್ಮ, ಸ್ವಲ್ಪ ತಾಗಿದರೂ ಕಪ್ಪಾಗುತ್ತದೆ. ಅಪ್ಪ ಗೊನೆಯನ್ನು ಹಸುಗೂಸಿನ ಹಾಗೆ ಎದೆಗೆ ಆನಿಸಿಕೊಂಡು ಇಳಿಸುತ್ತಿದ್ದುದನ್ನು ನಾನೇ ನೋಡಿದ್ದೇನೆ. ಅದೇ ಕೈಗಳು ಸಂಜೆ ಸರಾಯಿ ಕುಡಿದು ಮನೆಗೆ ಬಂದರೆ ನಮ್ಮ ಪಾತ್ರೆಗಳನ್ನು ಒಂದೊಂದಾಗಿ ಬೀದಿಗೆ ಎಸೆಯುತ್ತಿದ್ದವು.

ಕುಡಿದವರಲ್ಲಿ ಹಾಡುವವರಿದ್ದಾರೆ, ಅಳುವವರಿದ್ದಾರೆ, ಹೊಡೆಯುವವರಿದ್ದಾರೆ. ನಮ್ಮಪ್ಪನದು ಎಸೆಯುವ ಚಟ. ಕಾರಣ ಏನೂ ಬೇಕಾಗಿರಲಿಲ್ಲ. ಪಲ್ಯಕ್ಕೆ ಉಪ್ಪು ಹೆಚ್ಚಾದರೂ ಸಾಕು, ಕಡಿಮೆಯಾದರೂ ಸಾಕು. ಮೊದಲು ತಾಟು, ಆಮೇಲೆ ತಂಬಿಗೆ, ಬೋಗುಣಿ, ಪರಾತ, ಕೊನೆಗೆ ಕೊಡ. ಅವ್ವ ತಡೆಯಲು ಹೋದರೆ ಕೈ ಹಿಡಿದು ತಿರುವುತ್ತಿದ್ದ, ಬಳೆಗಳು ಚೂರಾಗುತ್ತಿದ್ದವು. ಬೇರೆಯವರ ಮನೆಯಲ್ಲಿ ಏನೇನು ಸಾಮಾನು ಇದೆ ಎಂದು ತಿಳಿಯಬೇಕಾದರೆ ಒಳಗೆ ಹೋಗಿ ನೋಡಬೇಕು. ನಮ್ಮ ಮನೆಯದು ಹಾಗಲ್ಲ, ಓಣಿಯ ಕೂಸಿಗೂ ಗೊತ್ತಿತ್ತು. ಯಾವ ಬೋಗುಣಿಗೆ ತಗ್ಗು ಬಿದ್ದಿದೆ, ಯಾವ ತಂಬಿಗೆಗೆ ತೂತು ಎಂದು ನನ್ನ ಜೊತೆ ಓದುವ ಹುಡುಗಿಯರೂ ಹೇಳಬಲ್ಲವರಾಗಿದ್ದರು.

ಅದಕ್ಕಿಂತ ಹೆಚ್ಚು ನನಗೆ ನಾಚಿಕೆಯಾಗುತ್ತಿದ್ದದ್ದು ಪಾತ್ರೆಗಳ ಮೇಲಿನ ಹೆಸರಿನಿಂದ. ಮದುವೆಯಲ್ಲಿ ಕೊಟ್ಟ ಸ್ಟೀಲಿನ ಸಾಮಾನಿನ ಮೇಲೆಲ್ಲ ಅಜ್ಜಿ ಅವ್ವನ ಹೆಸರು ಕೊರೆಸಿದ್ದಳು. ಮನೆಯಲ್ಲಿ ಯಾರೂ ಬಾಯಿಬಿಟ್ಟು ಕರೆಯದ ಆ ಹೆಸರನ್ನು ಬೀದಿಯ ಹುಡುಗರು ತಾಟು ಎತ್ತಿಕೊಂಡು ಅಕ್ಷರ ಅಕ್ಷರ ಕೂಡಿಸಿ ಜೋರಾಗಿ ಓದುತ್ತಿದ್ದರು. ಅಪ್ಪ ಬಿದ್ದುಕೊಂಡ ಮೇಲೆ ಅವ್ವನೂ ನಾನೂ ಹೋಗಿ ಎಲ್ಲವನ್ನೂ ಆರಿಸಿ ತರುತ್ತಿದ್ದೆವು. ಆಗ ಎದುರಿನ ಮನೆಗಳ ಬಾಗಿಲು ಮುಚ್ಚಿಕೊಳ್ಳುತ್ತಿದ್ದವು. ನಮಗೆ ಮುಜುಗರವಾಗದಿರಲಿ ಎಂದೇ ಮುಚ್ಚುತ್ತಿದ್ದರೇನೋ, ಆದರೆ ಆ ಬಾಗಿಲಿನ ಸಪ್ಪಳ ನನಗೆ ಪಾತ್ರೆಯ ಸಪ್ಪಳಕ್ಕಿಂತ ಜೋರಾಗಿ ಕೇಳುತ್ತಿತ್ತು.

ನಾನು ಐದನೇ ಇಯತ್ತೆಯಲ್ಲಿದ್ದ ವರ್ಷ. ಆ ಪಂಚಮಿಗೆ ಅವ್ವನನ್ನು ಕರೆಯಲು ಕಲಬುರಗಿಯಿಂದ ಸೋದರಮಾವ ಬಂದಿದ್ದ. ಅಪ್ಪ ಕಳಿಸಲಿಲ್ಲ. ಹಣ್ಣಿನ ಸೀಜನ್ನು, ರೊಟ್ಟಿ ಬಡಿಯುವವರು ಯಾರು ಎಂದ. ಮಾವ ಚಹಾ ಕುಡಿದು ಎದ್ದು ಹೋದ. ದಸರೆ ಕಳೆದ ಮೇಲೆ ಒಂದು ದಿನ ಅಪ್ಪ ಮಧ್ಯಾಹ್ನವೇ ಕುಡಿದು ಬಂದು, ಪಾತ್ರೆಗಳೆಲ್ಲ ಮುಗಿದ ಮೇಲೆ ಅವ್ವನ ಟ್ರಂಕನ್ನೂ ಬೀದಿಗೆ ಎಳೆದ. ಮುಚ್ಚಳ ತೆರೆದುಕೊಂಡು ಸೀರೆ, ಲಂಗ, ನನ್ನ ಹಳೆಯ ಕುಂಚಿಗೆ ಎಲ್ಲ ಮಣ್ಣಿಗೆ ಬಿದ್ದವು. ಅವ್ವ ಅವುಗಳ ಕಡೆ ಬಗ್ಗಲಿಲ್ಲ. ನನ್ನ ಕೈ ಹಿಡಿದುಕೊಂಡು, ಬಿದ್ದ ಸಾಮಾನಿನ ನಡುವೆ ದಾರಿ ಮಾಡಿಕೊಂಡು ನೇರ ಬಸ್ ಸ್ಟ್ಯಾಂಡಿಗೆ ನಡೆದಳು. ಹಾಡುಹಗಲಿನಲ್ಲಿ, ಓಣಿಯೆಲ್ಲ ನೋಡುತ್ತಿರುವಾಗ, ಯಾರೂ ಕರೆಯಲು ಬಾರದೆ ತವರಿಗೆ ಹೊರಟ ಹೆಣ್ಣುಮಗಳು ಅವಳು. ನನ್ನ ಕಾಲಲ್ಲಿ ಚಪ್ಪಲಿಯೂ ಇರಲಿಲ್ಲ.

ಮಾವನ ಮನೆ ಕಲಬುರಗಿಯ ಖೂಬಾ ಪ್ಲಾಟ್ ಬಡಾವಣೆಯಲ್ಲಿ. ಎರಡು ಕೋಣೆ, ಒಂದು ಪಡಸಾಲೆ. ಮಾವ, ಅತ್ತೆ, ಅಜ್ಜಿ ಇದ್ದ ಮನೆಗೆ ನಾವಿಬ್ಬರು ಸೇರಿಕೊಂಡೆವು. ಮೊದಲ ದಿನವೇ ಪಕ್ಕದ ಮನೆಯ ಹೆಂಗಸು ಇಣುಕಿ, 'ಮಗಳು ಬಂದಾಳೇನ್ರಿ? ಏನ್ ವಿಶೇಷ?' ಎಂದು ಕೇಳಿದಳು. ಅಜ್ಜಿ ಕಣ್ಣು ಮಿಟುಕಿಸದೆ ಹೇಳಿಬಿಟ್ಟಳು: 'ಪಂಚಮಿಗಿ ಬಂದಾಳ್ರಿ. ಆವಾಗ ಬರಾಕ ಆಗಿದ್ದಿಲ್ಲ, ಈಗ ಬಂದಾಳ.'

ಅಲ್ಲಿಗೆ ಆ ಮಾತು ನಮ್ಮ ಕೊರಳಿಗೆ ಬಿತ್ತು. ಯಾರು ಕೇಳಿದರೂ ಅದೇ ಉತ್ತರ. ನನಗೂ ಕಲಿಸಿದರು. ಅಂಗಡಿಗೆ ಹೋದರೆ, ನಲ್ಲಿಗೆ ಹೋದರೆ, 'ಪಂಚಮಿಗಿ ಬಂದೀವ್ರಿ' ಎನ್ನುತ್ತಿದ್ದೆ. ಮೊದಲ ವಾರ ಜನ ತಲೆ ಆಡಿಸಿದರು. ದೀಪಾವಳಿ ಬಂದಾಗ ತುಟಿಯಲ್ಲೇ ನಕ್ಕರು. ಶರಣಸಿರಸಗಿ ಹಳ್ಳಿಯಿಂದ ಹಾಲು ತರುತ್ತಿದ್ದ ಮುದುಕಿಗೆ ಮಾತ್ರ ಒಳಗೊಂದು ಹೊರಗೊಂದು ಗೊತ್ತಿರಲಿಲ್ಲ. ಒಂದು ಬೆಳಿಗ್ಗೆ ಹಾಲು ಅಳೆಯುತ್ತ ಕೇಳಿಯೇಬಿಟ್ಟಳು, 'ಏನವ್ವಾ, ನಿಮ್ಮ ಪಂಚಮಿ ಇನ್ನಾ ಮುಗೀವಲ್ದೇನ?' ನಾನು ಪಾತ್ರೆ ಹಿಡಿದುಕೊಂಡು ಒಳಗೆ ಓಡಿದೆ. ಅಡುಗೆ ಮನೆಯಲ್ಲಿ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಅವಳಿಗೂ ಕೇಳಿಸಿತ್ತು. ರೊಟ್ಟಿ ಬಡಿಯುವ ಸಪ್ಪಳ ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು.

ಶಾಲೆಗೂ ಹೋಗುತ್ತಿರಲಿಲ್ಲ ನಾನು. 'ನಾಳಿ ನಾಡಿದ್ದು ಹೋಗೋರು, ಇಲ್ಲ್ಯಾಕ ಹೆಸರು ಹಚ್ಚೋದು' ಎಂದು ಮಾವ ದಿನ ತಳ್ಳುತ್ತಿದ್ದ. ಹಬ್ಬಕ್ಕೆ ಬಂದವರನ್ನು ಶಾಲೆಗೆ ಹಾಕಿದರೆ ಸುಳ್ಳು ಬಯಲಾಗುತ್ತಿತ್ತಲ್ಲ. ಅತ್ತೆ ಕೆಟ್ಟವಳಲ್ಲ. ಆದರೆ ಒಂದು ದಿನ ಮಾವನಿಗೆ ಹೇಳುತ್ತಿದ್ದುದು ಕೇಳಿತು: 'ಇದ್ದಷ್ಟು ದಿನ ಇರ್ಲಿ, ನಾ ಬ್ಯಾಡ ಅನ್ನಂಗಿಲ್ಲ. ಆದರ ಬಂದು ಹೋದವರಿಗಿ ಏನ್ ಹೇಳ್ಲಿ?' ಅತ್ತೆಯ ಮೇಲೆ ನನಗೆ ಸಿಟ್ಟು ಬರಲಿಲ್ಲ. ನಾನೂ ಅದನ್ನೇ ಕೇಳಬೇಕೆಂದಿದ್ದೆ.

ನಾವೆಲ್ಲ ಕಾಯುತ್ತಿದ್ದದ್ದು ಅಪ್ಪ ಕರೆಯಲು ಬರಲಿ ಎಂದು. ಬಂದರೆ ಸಾಕಿತ್ತು, ಉಳಿದದ್ದನ್ನು ಹಿರಿಯರು ತೇಪೆ ಹಾಕಿ ಮುಚ್ಚುತ್ತಿದ್ದರು. ಅಪ್ಪ ಬರಲಿಲ್ಲ. ಕೊನೆಗೆ ಮಾವನೇ ಒಂದು ಸಂತೆಯ ದಿನ ಕಮಲಾಪುರಕ್ಕೆ ಹೋಗಿ ಬಂದ. ಚಪ್ಪಲಿ ಬಿಡುತ್ತಲೇ, 'ತಾನ ಎದ್ದು ಹೋದಾಕಿ, ತಾನ ಬರ್ಲಿ, ನಾ ಕರೀಲಾಕ ಬರಂಗಿಲ್ಲ ಅಂದ. ಕರೀಲಾರದ ಮನಿಗಿ ನಾ ತಂಗೀನ ಹೆಂಗ ಕಳಸ್ಲಿ?' ಎಂದ.

ಮರುದಿನ ಬೆಳಿಗ್ಗೆ ಅಜ್ಜಿ ಎದ್ದವಳೇ ಶೇಂಗಾ ಹುರಿಯಲು ಇಟ್ಟಳು. ಅತ್ತೆ ಯಾಕೆ ಎಂದು ಕೇಳಿದಳು. 'ಕರೀಲಾಕ ಬರ್ಲಿಲ್ಲಂದ್ರ ಬ್ಯಾಡ. ನಾ ಉಂಡಿ ಕಟ್ಟತೀನಿ. ಪಂಚಮಿಗಿ ಹೋಗಿದ್ದಳು, ಬಂದಳು. ಮಾತು ಮುಗೀತು' ಎಂದಳು ಅಜ್ಜಿ. ಎಳ್ಳಮಾವಾಸ್ಯೆ ಹತ್ತಿರ ಬಂದಿತ್ತು, ಊರಿಗೆ ಊರೇ ಹೊಲದ ಹಬ್ಬಕ್ಕೆ ಸಜ್ಜೆ ಬೀಸುತ್ತಿತ್ತು. ನಮ್ಮ ಮನೆಯಲ್ಲಿ ಜೋಳದ ಅಳ್ಳು ಹುರಿದು, ಎಳ್ಳು ಹುರಿದು ಪಂಚಮಿ ನಡೆಯಿತು. ಅಜ್ಜಿಯ ಲೆಕ್ಕದಲ್ಲಿ ಅದು ಸರಿಯಾಗಿಯೇ ಇತ್ತು: ಉಂಡಿ ಹಂಚಿದರೆ ಮಗಳು ಮಾನದಿಂದ ಬಂದ ಹಾಗೆ. ಅವ್ವ ಕಮಲಾಪುರದ ಓಣಿಯಲ್ಲಿ ಮತ್ತೆ ತಲೆ ಎತ್ತಿ ನಡೆಯಬಹುದೋ ಇಲ್ಲವೋ ಎಂಬುದೆಲ್ಲ ಆ ಬುಟ್ಟಿಯ ಮೇಲೆ ನಿಂತಿತು. ತಿಂಗಳು ಯಾವುದು ಎಂದು ಓಣಿಯವರು ನೋಡುವುದಿಲ್ಲ ಎಂದು ಆ ಜಾಣ ಮುದುಕಿ ಹೇಗೆ ನಂಬಿದಳೋ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಹೋಗುತ್ತೀಯಾ ಎಂದು ಅವ್ವನನ್ನು ಒಬ್ಬರೂ ಕೇಳಲಿಲ್ಲ. ಮಾವ ಹೊಸ ಸೀರೆ ತಂದ. ಬಳೆಗಾರ ಬಂದು ಹಸಿರು ಬಳೆ ಇಡುವಾಗ ಅವ್ವ ಕೈ ಚಾಚಿಕೊಂಡು ಸುಮ್ಮನೆ ಕೂತಿದ್ದಳು. ಅವನು ಎದ್ದು ಹೋದ ಮೇಲೆ, ಬಳೆಗಳನ್ನು ನೋಡುತ್ತ, 'ಯವ್ವಾ, ಇವು ಎಷ್ಟ ದಿನ ಉಳೀತಾವ?' ಎಂದಳು.

'ಹಂಗೆಲ್ಲ ಅನಬಾರ್ದು' ಎಂದಳು ಅಜ್ಜಿ. ಅವಳ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಮೊದಲ ಸಲ ಕೇಳಿದ್ದು.

ಮಾವ ಬಸ್ಸು ಹತ್ತಿಸಿದ. ಉಂಡಿಯ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಅಜ್ಜಿಯೂ ನಮ್ಮ ಜೊತೆ ಬಂದಳು. ಬಿಳಿ ಬಟ್ಟೆ ಕಟ್ಟಿದ ಬುಟ್ಟಿ ಕಂಡು ಬಸ್ಸಿನ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಕಿಟಕಿಯ ಕಡೆ ತಿರುಗಿ ಕೂತೆ.

ಕಮಲಾಪುರದ ಮನೆಯ ಬಾಗಿಲಿಗೆ ಚಿಲಕ ಮಾತ್ರ ಇತ್ತು, ಕೀಲಿ ಇರಲಿಲ್ಲ. ಅಪ್ಪ ತೋಟಕ್ಕೆ ಹೋಗಿದ್ದ. ಒಲೆಯಲ್ಲಿ ಹಳೆಯ ಬೂದಿ. ಟ್ರಂಕು ಮೂಲೆಯಲ್ಲಿತ್ತು, ಬಟ್ಟೆಗಳನ್ನು ಯಾರೋ ಮಣ್ಣಿನ ಸಮೇತ ಅದರಲ್ಲಿ ತುರುಕಿದ್ದರು. ಪಾತ್ರೆಯ ಹಲಗೆ ಬೋಳಾಗಿತ್ತು. ಒಂದು ಮಡಕೆ, ಒಂದು ಲೋಟ ಬಿಟ್ಟರೆ ಏನೂ ಇರಲಿಲ್ಲ. 'ಎಲ್ಲಾ ಮಾರಿ ಕುಡದಾನ' ಎಂದಳು ಅಜ್ಜಿ. ಅವ್ವ ಹಲಗೆಯನ್ನೊಮ್ಮೆ ನೋಡಿ, ಸೆರಗು ಸಿಕ್ಕಿಸಿಕೊಂಡು ಕಸ ಹೊಡೆಯಲು ಶುರುಮಾಡಿದಳು. ಅಜ್ಜಿ ನನ್ನ ಕೈಗೆ ಬುಟ್ಟಿಯನ್ನೂ ಒಂದು ಡಬ್ಬಿಯನ್ನೂ ಕೊಟ್ಟು, 'ಹೋಗು, ಎಲ್ಲರಿಗೂ ಕೊಟ್ಟ ಬಾ. ಕೇಳಿದ್ರ ಪಂಚಮಿ ಉಂಡಿ ಅನ್ನು' ಎಂದಳು.

ಎದುರು ಮನೆಯಿಂದ ಶುರುಮಾಡಿದ್ದು ನನ್ನ ತಪ್ಪೇ ಇರಬಹುದು. ಆ ಮನೆಯ ಹೆಂಗಸಿನ ಬಾಯಿ ಓಣಿಗೆಲ್ಲ ಪ್ರಸಿದ್ಧ. ಅಂಗಳದಲ್ಲಿ ನಾಲ್ಕು ಜನ ಕೂತು ಸಜ್ಜೆ ಹಸನು ಮಾಡುತ್ತಿದ್ದರು. ಡಬ್ಬಿ ಚಾಚಿ, 'ಪಂಚಮಿ ಉಂಡಿರಿ' ಎಂದೆ. ಆಕೆ ಡಬ್ಬಿಯೊಳಗೆ ಇಣುಕಿ, ನನ್ನ ಶಾಲು ನೋಡಿ, ಉಳಿದವರ ಕಡೆ ತಿರುಗಿದಳು.

'ನಾವು ಎಳ್ಳಮಾಸಿ ಸಜ್ಜಿ ಹಸನ ಮಾಡಾಕತ್ತೀವಿ. ಇದು ಯಾವ ಪಂಚಮಿ ಬೇ? ಹೋದ ವರ್ಸದ್ದೋ, ಬರೂ ವರ್ಸದ್ದೋ?'

ಮೊರದ ಹಿಂದಿನಿಂದ ನಗು ಬಂತು. ನನಗೆ ನೆಲ ಬಾಯಿಬಿಟ್ಟು ನುಂಗಬಾರದೆ ಅನಿಸಿತು. ಬುಟ್ಟಿ ಅಲ್ಲೇ ಬಿಟ್ಟು ಓಡಿಹೋಗಬೇಕೆಂದಿದ್ದೆ, ಆದರೆ ಆಕೆ ಡಬ್ಬಿ ತೆಗೆದುಕೊಂಡು ಒಳಗೆ ಹೋಗಿಬಿಟ್ಟಿದ್ದಳು. ಎಷ್ಟು ಹೊತ್ತಾದರೂ ಬರಲಿಲ್ಲ. ಒಳಗೆ ಏನನ್ನೋ ಸರಿಸುವ ಸಪ್ಪಳ. ಆಮೇಲೆ ಹೊರಗೆ ಬಂದವಳ ಒಂದು ಕೈಯಲ್ಲಿ ನನ್ನ ಡಬ್ಬಿ, ಇನ್ನೊಂದರಲ್ಲಿ ಒಂದು ಬೋಗುಣಿ. ಬೋಗುಣಿಯ ಮೇಲೆ ಅವ್ವನ ಹೆಸರಿತ್ತು.

'ನಿಮ್ಮದ ಅದ. ಅವತ್ತ ಬಿದ್ದಿತ್ತು, ತೊಳದಿಟ್ಟಿದ್ದೆ' ಎಂದಳು. ಈಗ ದನಿ ಸಣ್ಣದಾಗಿತ್ತು. 'ಬರೇದು ಕೊಡಬಾರ್ದಂತ ಜ್ವಾಳ ಹಾಕೀನಿ.'

ನಗುತ್ತಿದ್ದವರು ಸಜ್ಜೆಯ ಕಡೆ ಬಗ್ಗಿದರು. ನಾನು ಬೋಗುಣಿ ಇಸಿದುಕೊಂಡೆ.

ನಮ್ಮ ಗೋಡೆಗೆ ಗೋಡೆ ಹತ್ತಿದ ಮನೆ ಖಾಲಾನದು. ನಾವು ಮಕ್ಕಳೆಲ್ಲ ಆಕೆಯನ್ನು ಆಕೆಯ ಉರ್ದುವಿನಲ್ಲೇ, ಚಿಕ್ಕಮ್ಮ ಎಂದು, ಹಾಗೆ ಕರೆಯುತ್ತಿದ್ದೆವು. ಆಕೆ ಎರಡೂ ಕೈಯಿಂದ ಉಂಡಿ ತೆಗೆದುಕೊಂಡು ಯಾವ ಪಂಚಮಿ ಎಂದು ಕೇಳಲಿಲ್ಲ. 'ಠೈರ್ ಬೇಟಾ, ನಿಂದ್ರು' ಎಂದು ಒಳಗೆ ಹೋಗಿ, ಅವ್ವ ಹಿಟ್ಟು ನಾದುವ ಪರಾತ ತಂದಳು. ಅದರ ಅಂಚಿನಲ್ಲಿದ್ದ ತಗ್ಗು ಮಾಯವಾಗಿತ್ತು. 'ಸೀದಾ ಮಾಡಿಸೀನಿ, ರೊಟ್ಟಿಗಿ ತೊಂದ್ರಿ ಆಗಬಾರ್ದಂತ' ಎಂದಳು. ಪರಾತದ ನಡುವೆ ಕಾಗದದಲ್ಲಿ ಸಕ್ಕರೆ ಕಟ್ಟಿಟ್ಟಿದ್ದಳು.

ಆಮೇಲೆ ಪ್ರತಿ ಮನೆಯಲ್ಲೂ ಅದೇ ನಡೆಯಿತು. ನಾನು ಪಂಚಮಿ ಉಂಡಿ ಎನ್ನುವುದು, ಅವರು ಹೂಂ ಎಂದು ಒಳಗೆ ಹೋಗುವುದು, ನಮ್ಮದೇ ಒಂದು ತಾಟನ್ನೋ ತಂಬಿಗೆಯನ್ನೋ ತರುವುದು. ನನ್ನ ಕ್ಲಾಸಿನ ಹುಡುಗಿಯ ಮನೆಯಲ್ಲಿ ಅವಳೇ ನಮ್ಮ ಸೌಟು ತಂದುಕೊಟ್ಟಳು. ಕೊಡುವಾಗ ನನ್ನ ಮುಖ ನೋಡಲಿಲ್ಲ, ನಾನೂ ಅವಳ ಮುಖ ನೋಡಲಿಲ್ಲ. ಉಂಡಿ ಖಾಲಿಯಾದಂತೆ ಬುಟ್ಟಿಯಲ್ಲಿ ಪಾತ್ರೆ ತುಂಬುತ್ತ ಬಂತು. ಕೊನೆಗೆ ಎತ್ತಲಾರದೆ ಬೀದಿಯಲ್ಲಿ ನಿಂತಾಗ ಖಾಲಾ ಬಂದು ಬುಟ್ಟಿಯ ಒಂದು ಕಿವಿ ಹಿಡಿದಳು.

ಇದನ್ನು ಓದುವವರು ಒಳ್ಳೆಯ ಜನ, ಒಳ್ಳೆಯ ಓಣಿ ಎನ್ನಬಹುದು. ನನಗೆ ಆಗ ಹಾಗೆ ಅನಿಸಲಿಲ್ಲ. ಎದುರು ಮನೆಯ ನಗುವಿಗಿಂತ ಆ ತೊಳೆದ ಪಾತ್ರೆಗಳೇ ನನ್ನನ್ನು ಹೆಚ್ಚು ಸುಟ್ಟವು. ನಾವು ಖೂಬಾ ಪ್ಲಾಟಿನಲ್ಲಿ ಸುಳ್ಳು ಹೇಳಿಕೊಂಡು ಕೂತಿದ್ದಷ್ಟು ದಿನವೂ ನಮ್ಮ ಮನೆಯ ನಿಜ ಈ ಮನೆಗಳ ಹಲಗೆಯ ಮೇಲೆ ಹೆಸರಿನ ಸಮೇತ ಕೂತಿತ್ತು. ಆದರೆ ಇವತ್ತು ಅನಿಸುವುದು ಬೇರೆ. ಇಷ್ಟು ಜನ ನಮ್ಮ ಪಾತ್ರೆ ಎತ್ತಿದರು, ತೊಳೆದರು, ತಗ್ಗು ತೆಗೆಸಿದರು. ಎಸೆಯುವ ಕೈಯನ್ನು ಮಾತ್ರ ಒಬ್ಬರೂ ಹಿಡಿಯಲಿಲ್ಲ. ಅದು ಮನೆಯ ಮಾತು, ನಡುವೆ ಹೋಗಬಾರದು ಎಂದು ಅವರಿಗೂ ಯಾರೋ ಕಲಿಸಿದ್ದರು. ನನ್ನ ಅಜ್ಜಿ, ಮಾವ ಮಾಡಿದ್ದೂ ಅದನ್ನೇ. ಈ ಸಿಟ್ಟು ನನಗೆ ಇನ್ನೂ ಹೋಗಿಲ್ಲ.

ಅಜ್ಜಿ ಅಳಿಯನ ಮುಖ ನೋಡುವ ಮೊದಲೇ ಹೊರಟಳು. ಬುಟ್ಟಿ ತುಂಬ ಪಾತ್ರೆ ಕಂಡಾಗ ತಾನೇ ಕೊರೆಸಿದ್ದ ಹೆಸರನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಬುಟ್ಟಿ ಖಾಲಿ ಮಾಡಿ ಕಂಕುಳಲ್ಲಿ ಇರುಕಿಕೊಂಡು, ನನ್ನ ತಲೆ ಸವರಿ ಬಸ್ಸಿಗೆ ಹೋದಳು. ಅವ್ವ ಒಂದೊಂದೇ ಪಾತ್ರೆಯನ್ನು ಕೈಗೆತ್ತಿಕೊಂಡಳು. ಅಳುತ್ತಾಳೆ ಎಂದು ನಾನು ಕಾದೆ. ಅಳಲಿಲ್ಲ. ಯಾವುದು ಯಾರ ಮನೆಯಿಂದ ಬಂತು ಎಂದು ಮಾತ್ರ ಕೇಳಿದಳು. ನಾನು ಹೇಳುತ್ತ ಹೋದೆ, ಅವಳು ಹಲಗೆಯ ಮೇಲೆ ಜೋಡಿಸುತ್ತ ಹೋದಳು.

ಈ ದಿನದ ನಂತರ ಅಪ್ಪ ಕುಡಿಯುವುದು ಬಿಟ್ಟ ಎಂದು ಬರೆದರೆ ಸುಳ್ಳಾಗುತ್ತದೆ, ಸುಳ್ಳು ಹೇಳಿ ಸಾಕಾಗಿದೆ ನನಗೆ. ಮುಂದೆ ಎಷ್ಟೋ ವರ್ಷ ಕುಡಿದ. ಆದರೆ ಆ ಸಂಜೆಯದನ್ನು ಹೇಳಿ ಮುಗಿಸುತ್ತೇನೆ.

ದೀಪ ಹಚ್ಚುವ ಹೊತ್ತಿಗೆ ಅಪ್ಪ ಬಂದ. ಕುಡಿದಿರಲಿಲ್ಲ. ಅಂಗಿಯ ಮೇಲೆ ಬಾಳೆಯ ಕಲೆ. ಒಲೆ ಉರಿಯುವುದನ್ನು ನೋಡಿದ, ನನ್ನನ್ನು ನೋಡಿದ, ಅವ್ವನ ಬೆನ್ನು ನೋಡಿದ. ಬಂದಿರಾ ಎಂದು ಕೂಡ ಕೇಳಲಿಲ್ಲ. ನೀರು ಕುಡಿಯಲು ಹಲಗೆಯಿಂದ ತಂಬಿಗೆ ತೆಗೆದುಕೊಂಡ. ಆಗ ಅವನ ಕೈ ನಿಂತಿತು. ತಂಬಿಗೆಯನ್ನು ತಿರುಗಿಸಿ ಹೆಸರು ನೋಡಿದ. ಹಲಗೆಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದ. ಅಷ್ಟು ಬೆಳ್ಳಗೆ ತೊಳೆದದ್ದು ನಮ್ಮ ಮನೆಯ ಕೈಯಲ್ಲ ಎಂದು ಅವನಿಗೂ ತಿಳಿದಿರಬೇಕು. ತೆರೆದ ಬಾಗಿಲಿನಾಚೆ ಎದುರು ಮನೆಯ ಅಂಗಳದಲ್ಲಿ ಹೆಂಗಸರು ಇನ್ನೂ ಕೂತಿದ್ದರು.

'ಇವೆಲ್ಲ ಎಲ್ಲಿಗಿ ಹೋಗಿದ್ದುವು?' ಎಂದು ಕೇಳಿದ.

ಅವ್ವ ಒಲೆಯ ಮುಂದಿನಿಂದ ತಿರುಗಲಿಲ್ಲ. ರೊಟ್ಟಿ ಬಡಿಯುವುದನ್ನೂ ನಿಲ್ಲಿಸಲಿಲ್ಲ. ಅವಳ ಕೈಯ ಹಸಿರು ಬಳೆ ಸಪ್ಪಳ ಮಾಡುತ್ತಿದ್ದವು.

'ಪಂಚಮಿಗಿ ಹೋಗಿದ್ದುವು' ಎಂದಳು. 'ಅವನ್ನೂ ಯಾರೂ ಕರೀಲಾಕ ಬಂದಿದ್ದಿಲ್ಲ.'

ಅಪ್ಪ ಹೋಗಿ ಬಾಗಿಲು ಮುಚ್ಚಿದ. ನೀರು ಕುಡಿಯದೆ ತಂಬಿಗೆಯನ್ನು ಅದು ಇದ್ದ ಜಾಗದಲ್ಲೇ ಇಟ್ಟ.